ಬೀದರ್‌ನಲ್ಲಿ ಕಟ್ಟಿ ಔರಾದ್‌ನಲ್ಲಿ ಹಾರಿಸಿದ ವಿಮಾನ

ನನ್ನ ಕೆಲಸ ಪಂಪ್‌ಸೆಟ್ ಮೋಟಾರ್‌ಗಳಿಗೆ ವೈಂಡಿಂಗ್ ಕಟ್ಟುವುದು. ಬೀದರ್‌ನಲ್ಲಿ ಅಂಗಡಿ ಇದೆ. ಬೇಸಿಗೆಯಲ್ಲಿ ಊಟಕ್ಕೂ ಪುರುಸೊತ್ತು ಇರುವುದಿಲ್ಲ. ಮಳೆ ಹಿಡಿದರೆ ಬೋರ್‌ವೆಲ್ ಮೋಟಾರ್ ಸುಡುವುದು ಕಮ್ಮಿ, ಕೆಲಸವೂ ಕಮ್ಮಿ. ರಿಮೋಟ್‌ನಿಂದ ಹಾರಿಸುವ ಈ ಸಣ್ಣ ವಿಮಾನ ಶುರುವಾದದ್ದು ಅಂಥ ಒಂದು ಮಳೆಗಾಲದಲ್ಲಿ.

ಶುರು ಮಾಡಿಸಿದವನು ಅಕ್ಕನ ಮಗ. ಒಂಬತ್ತನೇ ಕ್ಲಾಸ್. ನಮ್ಮೂರಿನ ಮಕ್ಕಳು ಹುಟ್ಟಿದಾಗಿನಿಂದ ವಿಮಾನದ ಸದ್ದು ಕೇಳಿಯೇ ಬೆಳೆಯುತ್ತಾರೆ. ವಾಯುಸೇನೆಯ ತರಬೇತಿ ನೆಲೆ ಇಲ್ಲೇ ಇದೆ. ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಸೇನೆಯ ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದೂ ಇಲ್ಲೇ. ಮೊದಲು ಎಚ್‌ಎಎಲ್ ಕಟ್ಟಿದ ಕಿರಣ್ ವಿಮಾನಗಳಲ್ಲಿ ಹಾರುತ್ತಿದ್ದರು, ಈಗ ಹಾಕ್ ಜೆಟ್‌ಗಳು. ಒಂದು ದಿನ ಅವನು ಅಂಗಡಿ ಬಾಗಿಲಲ್ಲಿ ನಿಂತು, ಹಾಕ್ ಒಂದು ಮೋಡದೊಳಗೆ ಹೋಗುವ ತನಕ ಕತ್ತೆತ್ತಿ ನೋಡಿದ. ಆಮೇಲೆ ಕೇಳಿದ: "ಮಾಮಾ, ಸಣ್ಣದು ಒಂದು ನಾವೇ ಮಾಡ್ಲಿಕ್ಕೆ ಬರ್ತದೇನು?"

ಬರುತ್ತದೆ. ಹೇಗೆ ಮಾಡಿದೆವು, ಎಲ್ಲೆಲ್ಲಿ ತಪ್ಪಿದೆವು, ಮುರಿದದ್ದನ್ನು ಹೇಗೆ ಸರಿ ಮಾಡಿದೆವು ಎಂದು ಇಲ್ಲಿ ಬರೆದಿಡುತ್ತಿದ್ದೇನೆ. ನಮ್ಮ ಕಡೆ ಇನ್ನೊಬ್ಬರು ಶುರು ಮಾಡಿದರೆ ಅವರಿಗೆ ಉಪಯೋಗಕ್ಕೆ ಬರಲಿ.

ಜಾಗ ಮೊದಲು, ವಿಮಾನ ಆಮೇಲೆ

ಬೀದರ್ ಊರಲ್ಲಿ ಹಾರಿಸುವ ಮಾತೇ ಇಲ್ಲ. ಮೇಲೆ ಕಲಿಯುವ ಹುಡುಗರು ಜೆಟ್ ಹಾರಿಸುತ್ತಿರುತ್ತಾರೆ. ಜೆಟ್ ಇಂಜಿನ್‌ಗೆ ಒಂದು ಹಕ್ಕಿ ಹೊಕ್ಕರೇ ಅಪಾಯ. ಮೋಟಾರ್, ಬ್ಯಾಟರಿ ಇರುವ ಅರ್ಧ ಕಿಲೋ ವಸ್ತು ಹೊಕ್ಕರೆ? ಬಯಲು ಎಷ್ಟು ಚೆಂದ ಇದ್ದರೂ, ಬೆಳಿಗ್ಗೆ ಎಷ್ಟು ಬೇಗ ಎದ್ದರೂ, ಬೇಡ.

2021ರ ಡ್ರೋನ್ ನಿಯಮಗಳಲ್ಲಿ ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ಮೂರು ಭಾಗ ಮಾಡಿದ್ದಾರೆ. ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ಅದನ್ನು ನೋಡಬಹುದು. ಹಸಿರಿನಲ್ಲಿ 400 ಅಡಿ ಎತ್ತರದ ತನಕ ಜಾಗದ ಅನುಮತಿ ಕೇಳಬೇಕಿಲ್ಲ. ವಿಮಾನ ನಿಲ್ದಾಣದ ಬೇಲಿಯಿಂದ 8ರಿಂದ 12 ಕಿಲೋಮೀಟರ್ ನಡುವೆ ಆ ಎತ್ತರ 200 ಅಡಿಗೆ ಇಳಿಯುತ್ತದೆ. ಕೆಂಪಿನಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಆಗದು. ಕಲಬುರಗಿಯವರೂ ಇದನ್ನು ನೋಡಿಕೊಳ್ಳಬೇಕು, 2019ರಿಂದ ಅಲ್ಲೂ ವಿಮಾನ ನಿಲ್ದಾಣ ಇದೆ.

ನಮ್ಮ ಕಾಕಾನ ಹೊಲ ಔರಾದ್ ತಾಲೂಕಿನಲ್ಲಿದೆ. ಹೊಲಕ್ಕೆ ಹತ್ತಿಕೊಂಡು ಒಂದು ಮಡ್ಡಿ. ಗಿಡ ಇಲ್ಲ, ಕರೆಂಟ್ ತಂತಿ ಇಲ್ಲ, ದನ ಮೇಯುವ ಕುರುಚಲು ಹುಲ್ಲು ಅಷ್ಟೇ. ನಕ್ಷೆಯಲ್ಲಿ ಆ ಜಾಗ ಹಸಿರು ಇರುವುದನ್ನು ನೋಡಿಕೊಂಡು, ಕಾಕಾನ ಹತ್ತಿರ ಕೇಳಿ, ಆಮೇಲೇ ಸಾಮಾನು ತರಿಸಿದೆವು. ಈಗಲೂ ಪ್ರತಿ ಸಲ ಹೊರಡುವ ಮೊದಲು ನಕ್ಷೆ ನೋಡುತ್ತೇವೆ. ಅದು ಬದಲಾಗುತ್ತಿರುತ್ತದೆ.

ಸಾಮಾನು

ಜಾಸ್ತಿ ದುಡ್ಡು ಹೋದದ್ದು ಟ್ರಾನ್ಸ್‌ಮಿಟರ್‌ಗೆ, ಅಂದರೆ ಕೈಯಲ್ಲಿ ಹಿಡಿಯುವ ರಿಮೋಟ್‌ಗೆ. ಫ್ಲೈಸ್ಕೈ ಐ6 ತರಿಸಿದೆವು. ಆರು ಚಾನೆಲ್, 2.4 ಗಿಗಾಹರ್ಟ್ಸ್, ವಿಮಾನದೊಳಗೆ ಕೂರುವ ರಿಸೀವರ್ ಜೊತೆಗೇ ಬಂತು. ಇದರಲ್ಲಿ ಉಳಿತಾಯ ಮಾಡಬೇಡಿ. ವಿಮಾನ ಮುರಿದರೂ ಟ್ರಾನ್ಸ್‌ಮಿಟರ್ ನಿಮ್ಮ ಕೈಯಲ್ಲೇ ಇರುತ್ತದೆ, ಮುಂದಿನ ವಿಮಾನಕ್ಕೂ ಅದೇ ನಡೆಯುತ್ತದೆ. ಉಳಿದದ್ದು ಹೀಗೆ: ಎ2212 ಮೋಟಾರ್, 1000 ಕೆವಿ. ಅದರ ವೇಗ ಹೆಚ್ಚು ಕಮ್ಮಿ ಮಾಡುವ 30 ಆಂಪ್‌ನ ಇಎಸ್‌ಸಿ. 10 ಇಂಚು ಉದ್ದ, 4.5 ಇಂಚು ಪಿಚ್ ಇರುವ ಪ್ರೊಪೆಲರ್. ಮೂರು ಸೆಲ್‌ನ 11.1 ವೋಲ್ಟ್ ಲಿಪೊ ಬ್ಯಾಟರಿ, 2200 ಎಂಎಎಚ್. 9 ಗ್ರಾಂನ ಸರ್ವೊ ಎರಡು, ಬಾಲದ ಪಟ್ಟಿಗಳನ್ನು ಅಲುಗಿಸುವ ಸಣ್ಣ ಮೋಟಾರ್‌ಗಳು ಇವು. ಎಲ್ಲಾ ಸೇರಿ ಹತ್ತು ಸಾವಿರದ ಒಳಗೇ ಆಯಿತು.

ಮೋಟಾರ್ ಕೈಗೆ ಬಂದಾಗ ನನಗೆ ಆದ ಖುಷಿ ಬೇರೆ. ಅಂಗೈಯಲ್ಲಿ ಮುಚ್ಚಿಕೊಳ್ಳಬಹುದು, ಅಷ್ಟು ಸಣ್ಣದು. ಕೆವಿ ಎಂದರೆ ಇಲ್ಲಿ ಕಿಲೋವೋಲ್ಟ್ ಅಲ್ಲ. ಲೋಡ್ ಇಲ್ಲದಾಗ ಒಂದು ವೋಲ್ಟ್‌ಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕ. 1000 ಕೆವಿಗೆ 11.1 ವೋಲ್ಟ್ ಕೊಟ್ಟರೆ 11,100 ಸುತ್ತು. ಪ್ರೊಪೆಲರ್ ಹಾಕಿದಾಗ ಅದಕ್ಕಿಂತ ಕಮ್ಮಿ. ನಾನು ದಿನಾ ನೋಡುವ ಬೋರ್‌ವೆಲ್ ಮೋಟಾರ್ 2,900ರ ಆಸುಪಾಸು ತಿರುಗುತ್ತದೆ. ಇದರಲ್ಲಿ ಬ್ರಶ್ ಇಲ್ಲ. ವೈಂಡಿಂಗ್ ಒಳಗೆ ಸುಮ್ನೆ ನಿಂತಿರುತ್ತದೆ. ಮ್ಯಾಗ್ನೆಟ್ ಕೂರಿಸಿದ ಹೊರಗಿನ ಬಟ್ಟಲು ತಿರುಗುತ್ತದೆ. ಹೊರಗೆ ಬರುವುದು ಮೂರು ತಂತಿ.

ಮೊದಲ ಸಲ ಓಡಿಸಿದಾಗ ಉಲ್ಟಾ ತಿರುಗಿತು. ಹುಡುಗ ಮೊಬೈಲ್ ತೆಗೆದು ಹುಡುಕಲು ಹೊರಟ. ನಾನು ಯಾವುದೋ ಎರಡು ತಂತಿ ಅದಲುಬದಲು ಮಾಡಿ ಕೊಟ್ಟೆ. ಸರಿಯಾಗಿ ತಿರುಗಿತು. ತ್ರೀ ಫೇಸ್ ಪಂಪ್‌ನಲ್ಲಿ ನಾವು ಮಾಡುವುದೂ ಇದೇ. ಈ ಪರೀಕ್ಷೆ ಮಾಡುವಾಗ ಪ್ರೊಪೆಲರ್ ಹಾಕಿರಲೇಬಾರದು. ಮೇಜಿನ ಮೇಲೆ ಯಾವ ಕೆಲಸ ಮಾಡಿದರೂ ಅದು ಬಿಚ್ಚಿಟ್ಟಿರಬೇಕು. ಹತ್ತು ಇಂಚಿನ ಪ್ಲಾಸ್ಟಿಕ್ ಆ ವೇಗದಲ್ಲಿ ಬೆರಳು ಸೀಳುತ್ತದೆ.

ಹಾಳೆ ಮತ್ತು ಅಂಟು

ಬಾಲ್ಸಾ ಮರ ನಮ್ಮ ಊರಲ್ಲಿ ಸಿಗುವುದಿಲ್ಲ. ಥರ್ಮೋಕೋಲ್ ಸಿಗುತ್ತದೆ, ಆದರೆ ಕಾಳು ಕಾಳಾಗಿ ಉದುರುತ್ತದೆ. ತಕ್ಷಣ ಹಿಡಿಯುವ ಸೂಪರ್ ಗ್ಲೂ ತಾಗಿದರೆ ಕರಗಿ ತೂತು ಬೀಳುತ್ತದೆ. ನಾವು ತಂದದ್ದು 5 ಮಿಲಿಮೀಟರ್ ಫೋಮ್ ಬೋರ್ಡ್, ಎರಡೂ ಕಡೆ ಕಾಗದ ಅಂಟಿಸಿದ್ದು, ಸ್ಟೇಷನರಿ ಅಂಗಡಿಯಲ್ಲಿ ಶಾಲೆಯ ಮಾಡೆಲ್‌ಗಳಿಗೆ ಕೊಡುವಂಥದ್ದು. ಕೊಳ್ಳುವ ಮೊದಲು ಎರಡು ಮೂರು ಬೇರೆ ಬೇರೆ ಹಾಳೆ ಕೈಯಲ್ಲಿ ಹಿಡಿದು ನೋಡಿ. ಒಂದೇ ಅಳತೆ ಇದ್ದರೂ ತೂಕ ಬೇರೆ ಇರುತ್ತದೆ. ಹಗುರ ಇದ್ದದ್ದನ್ನೇ ತನ್ನಿ. ನಾವು ರೆಕ್ಕೆಯ ಒಳಮೈ ಕಾಗದವನ್ನು ಒದ್ದೆ ಬಟ್ಟೆಯಿಂದ ನೆನೆಸಿ ಸುಲಿದೆವು. ಅಷ್ಟು ತೂಕ ಇಳಿಯಿತು, ಮಡಚಲೂ ಸುಲಭ ಆಯಿತು.

ರೆಕ್ಕೆಯ ಉದ್ದ ತುದಿಯಿಂದ ತುದಿಗೆ 100 ಸೆಂಟಿಮೀಟರ್, ಅಗಲ 20. ಹಾಳೆಯನ್ನು ಅಗಲದ ಎರಡರಷ್ಟಕ್ಕಿಂತ ಸ್ವಲ್ಪ ಜಾಸ್ತಿ ಕತ್ತರಿಸಿ, ಮಧ್ಯೆ ಬ್ಲೇಡ್‌ನಿಂದ ಅರ್ಧ ಆಳ ಗೀರಿ, ಪುಸ್ತಕದ ಹಾಗೆ ಮಡಚಿದೆವು. ಮಡಚಿದ ಅಂಚೇ ಮುಂದಿನ ಅಂಚು. ಒಳಗೆ ಫೋಮ್‌ನ ಪಟ್ಟಿಯನ್ನು ದಿಂಡಿನಂತೆ ಇಟ್ಟಿದ್ದರಿಂದ ಮೇಲ್ಮೈ ಉಬ್ಬಿತು, ಕೆಳಮೈ ಚಪ್ಪಟೆ ಉಳಿಯಿತು. ನಿಧಾನಕ್ಕೆ ಹಾರುವ ವಿಮಾನಕ್ಕೆ ಈ ಆಕಾರ ಒಳ್ಳೆಯದು. ದಿಂಡಿಗೆ ಬಲ ಬೇಕಲ್ವಾ? ಬುಟ್ಟಿ ಹೆಣೆಯುವ ಮೇದಾರರ ಹತ್ತಿರ ಒಣಗಿದ ಬಿದಿರಿನ ಸೀಳು ಕೇಳಿ ತಂದೆ. ಅಜ್ಜ ಒಬ್ಬರು ಆರಿಸಿ, ಗಂಟು ಇಲ್ಲದ್ದನ್ನೇ ಕೊಟ್ಟರು. ಇವತ್ತಿಗೂ ಆ ಬಿದಿರು ಮುರಿದಿಲ್ಲ.

ರೆಕ್ಕೆ ಎರಡು ತುಂಡು. ನಡುವೆ ಸೇರಿಸುವಾಗ ಎರಡೂ ತುದಿಗಳನ್ನು 5 ಸೆಂಟಿಮೀಟರ್ ಮೇಲಕ್ಕೆ ಎತ್ತಿ ಅಂಟಿಸಿದೆವು. ಕಲಿಯುವವರಿಗೆ ಇದು ಬಹಳ ಮುಖ್ಯ. ಹೀಗೆ ತುದಿ ಎತ್ತಿದ್ದರೆ ರೆಕ್ಕೆಯಲ್ಲಿ ಐಲೆರಾನ್, ಅಂದರೆ ವಿಮಾನವನ್ನು ವಾಲಿಸುವ ಪಟ್ಟಿ, ಬೇಡ. ಬಾಲದಲ್ಲಿ ನಿಂತಿರುವ ಪಟ್ಟಿಯನ್ನು, ಅಂದರೆ ರಡ್ಡರನ್ನು, ಬಲಕ್ಕೆ ತಿರುಗಿಸಿದರೆ ಮೂತಿ ಬಲಕ್ಕೆ ಹೋಗುತ್ತದೆ, ಎಡರೆಕ್ಕೆಗೆ ಗಾಳಿ ಜಾಸ್ತಿ ಓರೆಯಾಗಿ ಸಿಕ್ಕಿ ಅದು ಮೇಲೇಳುತ್ತದೆ, ವಿಮಾನ ತಾನೇ ಬಲಕ್ಕೆ ವಾಲಿ ತಿರುಗುತ್ತದೆ. ಗಾಳಿಗೆ ಒಂದು ಕಡೆ ವಾಲಿದರೂ ಟ್ರಾನ್ಸ್‌ಮಿಟರ್‌ನ ಸ್ಟಿಕ್ ಬಿಟ್ಟರೆ ಹೆಚ್ಚು ಕಮ್ಮಿ ತಾನೇ ನೇರ ಆಗುತ್ತದೆ. ಹೊಸಬರ ಕೈ ಗಾಬರಿಯಲ್ಲಿ ಜಾಸ್ತಿ ಆಡುತ್ತದೆ, ಅದನ್ನು ಈ ರೆಕ್ಕೆ ಸಹಿಸಿಕೊಳ್ಳುತ್ತದೆ.

ಮೈ 75 ಸೆಂಟಿಮೀಟರ್ ಉದ್ದದ ಉದ್ದನೆ ಡಬ್ಬಿ. ಬಾಲದ ಅಡ್ಡ ರೆಕ್ಕೆ 40 ಉದ್ದ, 12 ಅಗಲ, ಅಂದರೆ ದೊಡ್ಡ ರೆಕ್ಕೆಯ ಕಾಲು ಭಾಗದ ಹತ್ತಿರ. ಎಲಿವೇಟರ್ (ಅಡ್ಡ ರೆಕ್ಕೆಯ ಹಿಂದಿರುವ, ಮೂತಿ ಏರಿಸಿ ಇಳಿಸುವ ಪಟ್ಟಿ) ಮತ್ತು ರಡ್ಡರ್ ಮಡಚುವ ಕಡೆ ಅಂಚನ್ನು 45 ಡಿಗ್ರಿ ಓರೆ ಕತ್ತರಿಸಿ ಮೇಲೆ ಟೇಪ್ ಹಚ್ಚಿದೆವು, ಅದೇ ಕೀಲು. ಸರ್ವೊದಿಂದ ಬಾಲಕ್ಕೆ ಹೋಗುವ ಕಡ್ಡಿ ಹಳೆ ಸೈಕಲ್ ಚಕ್ರದ್ದು. ರೆಕ್ಕೆಯನ್ನು ಮೈಗೆ ಅಂಟಿಸಲಿಲ್ಲ. ಸೈಕಲ್ ಟ್ಯೂಬನ್ನು ಬಳೆ ಬಳೆಯಾಗಿ ಕತ್ತರಿಸಿ, ಅದರಿಂದ ಬಿಗಿದೆವು. ನೆಲಕ್ಕೆ ಬಡಿದಾಗ ರೆಕ್ಕೆ ಕಳಚಿ ಹಾರುತ್ತದೆ, ಮುರಿಯುವುದಿಲ್ಲ. ಈ ಒಂದು ಉಪಾಯ ನಮ್ಮ ರೆಕ್ಕೆಯನ್ನು ಉಳಿಸಿದೆ. ಚಕ್ರ ಹಾಕಲಿಲ್ಲ. ಕೈಯಿಂದ ಎಸೆಯುವುದು, ಹೊಟ್ಟೆಯ ಮೇಲೆ ಇಳಿಸುವುದು.

ಮೋಟಾರ್ ಕೂರಿಸುವ ಪ್ಲೈವುಡ್ ತುಂಡನ್ನು ನೇರ ಇಡಬಾರದು. ಎರಡು ಮೂರು ಡಿಗ್ರಿ ಕೆಳಕ್ಕೆ, ಅಷ್ಟೇ ಬಲಕ್ಕೆ ಓರೆ ಇರಬೇಕು. ಪ್ರೊಪೆಲರ್ ತಿರುಗುವ ರಭಸಕ್ಕೆ ಮೂತಿ ಎಡಕ್ಕೆ ಎಳೆಯುತ್ತದೆ, ಪವರ್ ಕೊಟ್ಟಾಗ ಮೇಲೇಳುತ್ತದೆ. ಅದಕ್ಕೆ ಈ ಓರೆ. ಸ್ಕ್ರೂ ಕೆಳಗೆ ಸಣ್ಣ ವಾಷರ್ ಇಟ್ಟರೆ ಸಾಕು. ಆ ತುಂಡನ್ನು ನಾನು ಬಿಸಿ ಗೋಂದಿನ ಗನ್‌ನಿಂದ ಅಂಟಿಸಿದೆ. ಗಟ್ಟಿಯಾಗೇ ಹಿಡಿಯಿತು. ಇದು ತಪ್ಪು ಎಂದು ಗೊತ್ತಾದದ್ದು ಏಪ್ರಿಲ್‌ನಲ್ಲಿ.

ಎಲ್ಲಾ ಸೇರಿ 560 ಗ್ರಾಂ. ರೆಕ್ಕೆಯ ವಿಸ್ತೀರ್ಣ 20 ಚದರ ಡೆಸಿಮೀಟರ್, ಅಂದರೆ ಒಂದು ಚದರ ಡೆಸಿಮೀಟರ್‌ಗೆ 28 ಗ್ರಾಂ ಹೊರೆ. ಕಲಿಯುವ ವಿಮಾನಕ್ಕೆ ಇದು ಸರಿಯಾದ ಲೆಕ್ಕ. ಇದು ಹೆಚ್ಚಾದಷ್ಟೂ ವಿಮಾನ ಜೋರಾಗಿ ಹಾರಲೇಬೇಕಾಗುತ್ತದೆ. ಜೋರು ಹಾರಿದರೆ ಯೋಚಿಸಲು ಟೈಮ್ ಸಿಗುವುದಿಲ್ಲ.

ಮಳೆಗಾಲ ಮುಗಿಯುವ ತನಕ ಹುಡುಗ ಪಿಕಾಸಿಮ್ ಎಂಬ ಉಚಿತ ಸಿಮ್ಯುಲೇಟರ್‌ನಲ್ಲಿ ದಿನಾ ಅರ್ಧ ಗಂಟೆ ಆಡಿದ. ಅದು ಆಟ ಅಲ್ಲ, ಅಭ್ಯಾಸ. ವಿಮಾನ ನಮ್ಮ ಕಡೆಗೆ ಬರುವಾಗ ಎಡ ಬಲ ಉಲ್ಟಾ ಕಾಣುತ್ತದೆ. ಆ ಗೊಂದಲ ಕಂಪ್ಯೂಟರ್‌ನಲ್ಲೇ ಕಳೆದುಕೊಂಡರೆ ಫೋಮ್ ಉಳಿಯುತ್ತದೆ.

ನವೆಂಬರ್: ಮೊದಲ ಎಸೆತ

ಬೆಳಿಗ್ಗೆ ಏಳು ಗಂಟೆಗೆ ಮಡ್ಡಿಯ ಮೇಲೆ ಇದ್ದೆವು. ನವೆಂಬರ್‌ನಿಂದ ಫೆಬ್ರವರಿ ತನಕ ನಮ್ಮ ಕಡೆ ಬೆಳಗಿನ ಗಾಳಿ ಶಾಂತ. ಹುಡುಗನ ಕೈಯಲ್ಲಿ ವಿಮಾನ, ನನ್ನ ಕೈಯಲ್ಲಿ ಟ್ರಾನ್ಸ್‌ಮಿಟರ್. ಕಾಕಾ ಹೆಗಲ ಮೇಲೆ ಟವಲ್ ಹಾಕಿಕೊಂಡು ನಿಂತಿದ್ದರು. ಗಾಳಿಗೆ ಎದುರಾಗಿ, ಮುಕ್ಕಾಲು ಪವರ್‌ನಲ್ಲಿ, ನೇರಕ್ಕೆ ಎಸೆದ.

ವಿಮಾನ ಮೂತಿ ಎತ್ತಿತು. ಇನ್ನೂ ಎತ್ತಿತು. ಗಾಳಿಯಲ್ಲಿ ಒಂದು ಕ್ಷಣ ನಿಂತ ಹಾಗಾಗಿ, ಎಡಕ್ಕೆ ಹೊರಳಿ ಮೂತಿಯ ಮೇಲೆ ಬಿತ್ತು. ರೆಕ್ಕೆ ಕಳಚಿ ಆಚೆ ಹೋಯಿತು. ಮೂತಿ ಸ್ವಲ್ಪ ಸುಕ್ಕಾಗಿತ್ತು. ಎಲಿವೇಟರ್ ಜಾಸ್ತಿ ಮೇಲಿದೆ ಅಂದುಕೊಂಡು ಟ್ರಿಮ್, ಅಂದರೆ ಸ್ಟಿಕ್ ಮುಟ್ಟದಾಗ ಅದು ನಿಲ್ಲುವ ಜಾಗ, ಸ್ವಲ್ಪ ಕೆಳಗೆ ಮಾಡಿದೆ. ಮತ್ತೆ ಎಸೆದ. ಮತ್ತೆ ಹಾಗೇ. ಈ ಸಲ ಮೂತಿ ಪೂರಾ ಜಜ್ಜಿತು, ಪ್ರೊಪೆಲರ್ ಮುರಿಯಿತು.

ಕಾಕಾ ಹತ್ತಿರ ಬಂದು ವಿಮಾನವನ್ನು ನಡುವೆ ಹಿಡಿದು ಎತ್ತಿ ನೋಡಿದರು. "ತಮ್ಮಾ, ಬಂಡ್ಯಾಗ ಹೊರೆ ಹಿಂದ ಜಾಸ್ತಿ ಆದ್ರ ನೊಗ ಮ್ಯಾಲೆ ಏಳ್ತದ. ಇದಕ್ಕೂ ಹಂಗೇ ಆಗ್ಯಾದ ನೋಡು" ಅಂದರು.

ಸರಿಯಾಗೇ ಹೇಳಿದ್ದರು. ನಾನು ಸಿಜಿಯನ್ನು, ಅಂದರೆ ತೂಕದ ನಡುಬಿಂದುವನ್ನು, ಕಣ್ಣಂದಾಜಿನಲ್ಲಿ ಬಿಟ್ಟಿದ್ದೆ. ಅಂಗಡಿಗೆ ಬಂದು ರೆಕ್ಕೆಯ ಕೆಳಗೆ ಎರಡು ಬೆರಳು ಇಟ್ಟು ತೂಗಿದಾಗ ಅದು ಮುಂದಿನ ಅಂಚಿನಿಂದ 8 ಸೆಂಟಿಮೀಟರ್ ಹಿಂದೆ ಇತ್ತು. ಇಂಥ ನೇರ ರೆಕ್ಕೆಗೆ ಅದು ಅಗಲದ 25ರಿಂದ 30 ಶೇಕಡಾ ಒಳಗೆ ಇರಬೇಕು. 20 ಸೆಂಟಿಮೀಟರ್ ಅಗಲಕ್ಕೆ 5ರಿಂದ 6. ಸಿಜಿ ಹಿಂದೆ ಹೋದರೆ ಮೂತಿ ಎದ್ದಾಗ ಅದನ್ನು ಕೆಳಗೆ ತರುವ ಶಕ್ತಿ ಬಾಲಕ್ಕೆ ಉಳಿಯುವುದಿಲ್ಲ. ಟ್ರಿಮ್‌ನಿಂದ ಇದು ಸರಿ ಹೋಗುವುದಿಲ್ಲ, ತೂಕವನ್ನೇ ಸರಿಸಬೇಕು.

ಎಷ್ಟು ಸರಿಸಬೇಕು ಎಂಬ ಲೆಕ್ಕ ಸುಲಭ. ನಾನು 5.5 ಸೆಂಟಿಮೀಟರ್ ಇಟ್ಟುಕೊಂಡೆ. ಅಂದರೆ ಸಿಜಿ 2.5 ಸೆಂಟಿಮೀಟರ್ ಮುಂದೆ ಬರಬೇಕು. ಒಟ್ಟು ತೂಕ 560 ಗ್ರಾಂ, ಅದನ್ನು 2.5ರಿಂದ ಗುಣಿಸಿದರೆ 1,400. ಬ್ಯಾಟರಿ 180 ಗ್ರಾಂ. 1,400ನ್ನು 180ರಿಂದ ಭಾಗಿಸಿದರೆ 7.8. ಬ್ಯಾಟರಿಯನ್ನು ಹೆಚ್ಚು ಕಮ್ಮಿ 8 ಸೆಂಟಿಮೀಟರ್ ಮುಂದೆ ತಂದರೆ ಸಾಕು. ಮೂತಿಗೆ ಸೀಸವೋ ನಾಣ್ಯವೋ ಕಟ್ಟಿ ತೂಕ ಹೆಚ್ಚಿಸುವ ಮೊದಲು ಇದನ್ನೇ ಮಾಡಿ. ಇರುವ ಭಾರವನ್ನೇ ಸರಿಸಿದರೆ ವಿಮಾನ ಹಗುರಾಗಿಯೇ ಉಳಿಯುತ್ತದೆ.

ಮೂತಿ ಹೇಗೂ ಜಜ್ಜಿತ್ತು. ಕತ್ತರಿಸಿ ತೆಗೆದು, ಬ್ಯಾಟರಿ ಮುಂದೆ ಕೂರುವಷ್ಟು ಉದ್ದದ ಹೊಸ ಡಬ್ಬಿ ಮಾಡಿ, ಒಳಗಿನಿಂದ ಪಟ್ಟಿ ಕೊಟ್ಟು ಜೋಡಿಸಿದೆ. ಡಬ್ಬಿ ಉದ್ದವಾದ್ದರಿಂದ ಮೋಟಾರ್ ಕೂಡ ಸ್ವಲ್ಪ ಮುಂದೆ ಬಂತು. ಹಾಗಾಗಿ ಮತ್ತೆ ಬೆರಳ ಮೇಲೆ ತೂಗಿ, ಬ್ಯಾಟರಿಯನ್ನು ಒಂದೂವರೆ ಸೆಂಟಿಮೀಟರ್ ಹಿಂದೆ ತಂದೆ. ಲೆಕ್ಕ ಮಾಡಿದ ಮೇಲೂ ತೂಗಿ ನೋಡಲೇಬೇಕು. ರೆಕ್ಕೆಯ ಕೆಳಗೆ 5.5ರ ಜಾಗದಲ್ಲಿ ಎರಡೂ ಕಡೆ ಒಂದೊಂದು ಗುಂಡುಪಿನ್ ಚುಚ್ಚಿಟ್ಟೆ. ಕತ್ತಲಲ್ಲೂ ಬೆರಳಿಗೆ ಸಿಗುತ್ತದೆ.

ಆ ದಿನ ನನಗೆ ಅನ್ನಿಸಿದ್ದು ಇಷ್ಟು. ನಮ್ಮ ವಿಮಾನ ಮಡ್ಡಿಯ ಮೇಲೆ ಬಿದ್ದದ್ದು ನಿಜ, ಆದರೆ ಬೀಳುವುದು ಅಂಗಡಿಯ ಮೇಜಿನ ಮೇಲೇ ತೀರ್ಮಾನ ಆಗಿತ್ತು. ಆವತ್ತಿನಿಂದ ಮೇಜಿನ ಕೆಲಸಕ್ಕೆ ಒಂದು ಕ್ರಮ ಇಟ್ಟುಕೊಂಡೆವು.

ಟ್ರಾನ್ಸ್‌ಮಿಟರ್ ಮೊದಲು ಆನ್, ಆಮೇಲೆ ವಿಮಾನದ ಬ್ಯಾಟರಿ. ಆಫ್ ಮಾಡುವಾಗ ಉಲ್ಟಾ, ಬ್ಯಾಟರಿ ಮೊದಲು. ವಿಮಾನದ ಹಿಂದೆ ನಿಂತು ಸ್ಟಿಕ್ ಎಳೆದರೆ ಎಲಿವೇಟರ್ ಮೇಲೆ ಹೋಗಬೇಕು, ಬಲಕ್ಕೆ ಒತ್ತಿದರೆ ರಡ್ಡರ್ ಬಲಕ್ಕೆ ಹೋಗಬೇಕು. ಮುಂದೆ ನಿಂತು ನೋಡಿದರೆ ತಲೆ ಕೆಡುತ್ತದೆ. ನಮ್ಮ ರಡ್ಡರನ್ನು ಬಲಗೈ ಸ್ಟಿಕ್‌ಗೇ ಕೊಟ್ಟಿದ್ದೇವೆ. ಮುಂದೆ ಐಲೆರಾನ್ ವಿಮಾನಕ್ಕೆ ಹೋದಾಗ ತಿರುಗಿಸುವ ಹೆಬ್ಬೆರಳು ಅದೇ ಇರುತ್ತದೆ. ಪ್ರೊಪೆಲರ್ ಬಿಚ್ಚಿ, ಮೋಟಾರ್ ನಿಧಾನ ಓಡಿಸುತ್ತಾ ಟ್ರಾನ್ಸ್‌ಮಿಟರ್ ಆಫ್ ಮಾಡಿದರೆ ಮೋಟಾರ್ ನಿಲ್ಲಬೇಕು. ಅದು ಫೇಲ್‌ಸೇಫ್. ನಿಲ್ಲದಿದ್ದರೆ ಸೆಟ್ಟಿಂಗ್ ಮಾಡದೆ ಮನೆಯಿಂದ ಹೊರಡಬೇಡಿ. ಪ್ರೊಪೆಲರ್ ಹಾಕುವಾಗ ನಂಬರ್ ಬರೆದ ಮುಖ ವಿಮಾನ ಹೋಗುವ ದಿಕ್ಕಿಗೆ ಇರಬೇಕು. ತಿರುವಿ ಹಾಕಿದರೂ ಗಾಳಿ ಬರುತ್ತದೆ, ಆದರೆ ಎಳೆತ ಸಾಲದು.

ಎರಡನೇ ಸಲ

ಹತ್ತು ದಿನ ಬಿಟ್ಟು ಮತ್ತೆ ಹೋದೆವು. ಎಸೆದ ತಕ್ಷಣ ಗೊತ್ತಾಯಿತು. ಸ್ವಲ್ಪ ತಗ್ಗಿ, ವೇಗ ಹಿಡಿದು, ನಿಧಾನಕ್ಕೆ ಏರಿತು. ನಾನು ಮಾಡಿದ್ದು ಏನೂ ಇಲ್ಲ, ಸ್ಟಿಕ್ ಸುಮ್ನೆ ಹಿಡಿದಿದ್ದೆ. 40 ಮೀಟರ್ ಮೇಲೆ ಹೋದ ಮೇಲೆ ಪವರ್ ಅರ್ಧಕ್ಕೆ ಇಳಿಸಿ, ಎಡಕ್ಕೆ ಎಳೆಯುತ್ತಿದ್ದದ್ದನ್ನು ಟ್ರಿಮ್‌ನಿಂದ ಸರಿ ಮಾಡಿದೆ. ಹೊಸಬರು ಗಾಬರಿಗೆ ಕೆಳಗೇ ಹಾರಿಸುತ್ತಾರೆ. ಎತ್ತರ ಇದ್ದರೆ ತಪ್ಪು ತಿದ್ದಲು ಜಾಗ ಇರುತ್ತದೆ.

ಆಮೇಲೆ ಹುಡುಗನಿಗೆ ಕೊಟ್ಟೆ. ಅವನು ಮಡ್ಡಿಯ ಸುತ್ತ ದೊಡ್ಡ ಸುತ್ತು ಹಾಕಿಸಿದ. ನಮ್ಮ ಕಡೆಗೆ ಬರುವಾಗ ಒಮ್ಮೆ ಗೊಂದಲ ಆಯಿತು, ವಿಮಾನ ವಾಲುತ್ತಾ ಹೋಯಿತು. "ಯಾವ ರೆಕ್ಕೆ ಕೆಳಗದ, ಆ ಕಡೀಗೇ ಸ್ಟಿಕ್ ಒತ್ತು" ಎಂದು ಕೂಗಿದೆ. ಎದುರಿಗೆ ಬರುವ ವಿಮಾನಕ್ಕೆ ಎಡ ಬಲದ ಲೆಕ್ಕ ಬಿಟ್ಟು ಇದೊಂದೇ ನೆನಪಿಟ್ಟರೆ ಸಾಕು. ಒತ್ತಿದ. ನೇರ ಆಯಿತು. ಐದು ನಿಮಿಷಕ್ಕೆ ಟೈಮರ್ ಇಟ್ಟಿದ್ದೆವು. ಅದು ಕೂಗಿದಾಗ ಗಾಳಿಗೆ ಎದುರು ತಿರುಗಿಸಿ, ಪವರ್ ಕಳೆದು, ಹುಲ್ಲಿನ ಮೇಲೆ ಇಳಿಸಿದ. ಕಾಕಾ ಚಪ್ಪಾಳೆ ತಟ್ಟಿದರು. ನನಗೆ ಗಂಟಲು ಕಟ್ಟಿತ್ತು.

ಇಳಿದ ಮೇಲೆ ಬ್ಯಾಟರಿ ಅಳೆದರೆ ಸೆಲ್‌ಗೆ 3.8 ವೋಲ್ಟ್ ಇತ್ತು. ತುಂಬಿದಾಗ ಸೆಲ್‌ಗೆ 4.2. ನಾವು 3.5ರ ಕೆಳಗೆ ಇಳಿಸುವುದಿಲ್ಲ. ಹಾರಿಸದೆ ಇಡುವಾಗ 3.8ಕ್ಕೆ ತಂದೇ ಇಡಬೇಕು, ತುಂಬಿಟ್ಟರೆ ಬ್ಯಾಟರಿ ಊದಿಕೊಳ್ಳುತ್ತದೆ. ಚಾರ್ಜ್ ಮಾಡುವುದು ಅಂಗಡಿಯ ಶಹಾಬಾದ್ ಫರ್ಸಿಯ ಮೇಲೆ, ಸುತ್ತ ಏನೂ ಇಡದೆ, ಕಣ್ಣೆದುರಿಗೇ. ಲಿಪೊಗೆ ಬೆಂಕಿ ಹತ್ತಿದರೆ ಕಲ್ಲು ತಡೆಯುತ್ತದೆ, ಮರದ ಮೇಜು ತಡೆಯುವುದಿಲ್ಲ.

ಜನವರಿ: ತೊಗರಿ ಕೂಳೆ

ಆಮೇಲೆ ವಾರ ವಾರ ಹಾರಿಸಿದೆವು. ಜನವರಿಯಲ್ಲಿ ಪಕ್ಕದ ಹೊಲದ ತೊಗರಿ ಕೊಯ್ದರು. ಹೊಲ ಖಾಲಿ ಕಂಡಿತು, ಅಲ್ಲೇ ಇಳಿಸೋಣ ಅಂದುಕೊಂಡೆವು. ತೊಗರಿ ಕೂಳೆ ಜೋಳದ ಕೂಳೆಯ ಹಾಗಲ್ಲ, ಕಟ್ಟಿಗೆಯೇ. ಓರೆಯಾಗಿ ಕೊಯ್ದ ತುದಿ ಭರ್ಜಿಯ ಹಾಗೆ ನಿಂತಿರುತ್ತದೆ. ಹೊಟ್ಟೆ ಎರಡು ಕಡೆ ಸೀಳಿತು, ಒಂದು ಕೂಳೆ ಎಲಿವೇಟರ್‌ಗೆ ಸಿಕ್ಕಿ ಸರ್ವೊದ ಹಲ್ಲು ಹೋಯಿತು.

ಸರ್ವೊ ಹೋದದ್ದು ಸದ್ದಿನಿಂದಲೇ ತಿಳಿಯುತ್ತದೆ. ಒಳಗೆ ತಿರುಗುವ ಸದ್ದು ಬರುತ್ತದೆ, ಸರ್ವೊದ ಕೈ ಮಾತ್ರ ಹಿಡಿತ ಇಲ್ಲದೆ ಜಾರುತ್ತದೆ. ಸವೆದದ್ದು ಒಳಗಿನ ನೈಲಾನ್ ಹಲ್ಲುಚಕ್ರ. ಹೊಸ ಸರ್ವೊ ಹಾಕಿದೆ. ಬಿದ್ದ ಮೇಲೆ ಪ್ರತಿ ಸಲ ಎಲಿವೇಟರ್, ರಡ್ಡರ್ ಎರಡನ್ನೂ ಬೆರಳಿನಿಂದ ಮೆಲ್ಲಗೆ ತಳ್ಳಿ ನೋಡುವುದು ಆವತ್ತಿನಿಂದ ರೂಢಿ. ಹೊಟ್ಟೆಗೆ ಪ್ಲಾಸ್ಟಿಕ್ ಫೈಲಿನ ಹಾಳೆ ಕತ್ತರಿಸಿ, ಪ್ಯಾಕಿಂಗ್ ಟೇಪ್‌ನಿಂದ ಅಂಟಿಸಿದೆ. ಹತ್ತು ಗ್ರಾಂ ಕೂಡ ಹೆಚ್ಚಲಿಲ್ಲ. ತೊಗರಿ ಹೊಲದಲ್ಲಿ ಇಳಿಸುವುದು ಬಿಟ್ಟೆವು.

ಆಗಲೇ ಇನ್ನೊಂದು ಗಮನಿಸಿದೆ. ಮೋಟಾರನ್ನು ಕೈಯಿಂದ ತಿರುಗಿಸಿದರೆ ಕಿರಕಿರ ಅನ್ನುತ್ತಿತ್ತು. ಬೇರಿಂಗ್ ಅಂದುಕೊಂಡು ಬಿಚ್ಚಿದೆ. ಬೇರಿಂಗ್ ಚೆನ್ನಾಗಿತ್ತು. ಮ್ಯಾಗ್ನೆಟ್‌ಗಳ ಮೈಗೆ ಸಣ್ಣ ಮಣ್ಣಿನ ಪುಡಿ ಮೀಸೆಯ ಹಾಗೆ ನಿಂತಿತ್ತು. ಮಡ್ಡಿಯ ಕೆಂಪು ಮಣ್ಣಲ್ಲಿ ಕಬ್ಬಿಣದ ಅಂಶ ಜಾಸ್ತಿ, ಮ್ಯಾಗ್ನೆಟ್ ಅದನ್ನು ಎಳೆದುಕೊಳ್ಳುತ್ತದೆ. ಊದಿದರೆ ಹೋಗದು, ಬ್ರಶ್‌ನಿಂದ ಉಜ್ಜಿದರೆ ಇನ್ನೊಂದು ಕಡೆ ಹೋಗಿ ಕೂರುತ್ತದೆ. ಅಂಟು ಟೇಪನ್ನು ಬೆರಳಿಗೆ ಸುತ್ತಿ ಒತ್ತಿ ಒತ್ತಿ ತೆಗೆದೆ. ಕಲಬುರಗಿ, ಯಾದಗಿರಿ ಕಡೆಯ ಎರೆಮಣ್ಣಿನ ಹೊಲದಲ್ಲಿ ಹಾರಿಸುವವರೂ ಒಮ್ಮೆ ಬಿಚ್ಚಿ ನೋಡಿ.

ಏಪ್ರಿಲ್: ಬಿಸಿ ಗೋಂದು

ಏಪ್ರಿಲ್‌ನಲ್ಲಿ ಒಂದು ಭಾನುವಾರ ತಡವಾಗಿ ಹೋದೆವು, ಹತ್ತು ಗಂಟೆ ಆಗಿತ್ತು. ಕಾಕಾನ ಮನೆಯಲ್ಲಿ ಚಹಾ ಕುಡಿಯುವಷ್ಟು ಹೊತ್ತು ವಿಮಾನ ಅಂಗಳದ ಬಿಸಿಲಲ್ಲಿತ್ತು. ಮೂತಿಗೆ ನಾನು ಕಪ್ಪು ಟೇಪ್ ಸುತ್ತಿದ್ದೆ. ಕಪ್ಪು ಬಣ್ಣ ಬಿಸಿಲನ್ನು ಕುಡಿಯುತ್ತದೆ, ಒಳಗಿನ ಬಿಸಿ ಗೋಂದು ಮೆತ್ತಗಾಗಿತ್ತು.

ಹುಡುಗನೇ ಹಾರಿಸುತ್ತಿದ್ದ. ಪವರ್ ಪೂರಾ ಕೊಟ್ಟು ಏರಿಸಿದಾಗ ಮೇಲಿನಿಂದ ಗರ್ ಎಂದು ಒರಟು ಸದ್ದು. ಮೋಟಾರ್ ಪ್ಲೈವುಡ್ ಸಮೇತ ಕಿತ್ತು, ಮೂರು ತಂತಿಯ ಮೇಲೆ ನೇತಾಡುತ್ತಿತ್ತು. ಪ್ರೊಪೆಲರ್ ಮೂತಿಯನ್ನೇ ಕೊರೆಯುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವನು ಪವರ್ ಸೊನ್ನೆಗೆ ಇಳಿಸಿದ. ಮೂತಿ ಸ್ವಲ್ಪ ತಗ್ಗಿಸಿ, ವೇಗ ಬಿಡದೆ, ಮೋಟಾರ್ ಇಲ್ಲದೆ ಜಾರಿಸುತ್ತಾ ತಂದ. ತಿರುಗಿಸಲು ಹೋಗಲಿಲ್ಲ. ನಿಧಾನ ಆಗಿ ತಿರುಗಿಸಿದರೆ ಒಂದು ರೆಕ್ಕೆ ಎತ್ತುವ ಬಲ ಕಳೆದುಕೊಂಡು ಬೀಳುತ್ತದೆ ಎಂದು ಅವನಿಗೆ ಗೊತ್ತಿತ್ತು. ನಮ್ಮಿಂದ ದೂರ, ಹುಲ್ಲಿನಲ್ಲಿ ಹೊಟ್ಟೆ ಮೇಲೆ ಇಳಿಯಿತು. ನವೆಂಬರ್‌ನಲ್ಲಿ ಎಡ ಬಲ ಗೊತ್ತಾಗದೆ ತಡಬಡಿಸಿದ್ದ ಹುಡುಗ ಇವನೇ ಅಲ್ವಾ ಎಂದು ನೋಡುತ್ತಾ ನಿಂತೆ.

ರಿಪೇರಿ ಹೀಗೆ ಮಾಡಿದೆ. 3 ಮಿಲಿಮೀಟರ್ ಪ್ಲೈವುಡ್‌ಗೆ ಎರಡು ಕಡೆ ನಾಲಿಗೆ ಬಿಟ್ಟು ಕತ್ತರಿಸಿದೆ. ಆ ನಾಲಿಗೆಗಳು ಮೈಯ ಗೋಡೆಯಲ್ಲಿ ಕೊರೆದ ಸೀಳಿನಿಂದ ಹೊರಗೆ ಬರುತ್ತವೆ. ಈಗ ಮೋಟಾರ್ ಮುಂದಕ್ಕೆ ಎಳೆದರೆ ಎಳೆತ ಅಂಟಿನ ಮೇಲೆ ಬೀಳುವುದಿಲ್ಲ, ಗೋಡೆಯ ಮೇಲೆ ಬೀಳುತ್ತದೆ. ಅಂಟು ಎರಡು ಟ್ಯೂಬ್ ಕಲಸುವ ಎಪಾಕ್ಸಿ, ನಿಧಾನಕ್ಕೆ ಒಣಗುವ ಜಾತಿ, ಇಡೀ ದಿನ ಮುಟ್ಟದೆ ಬಿಟ್ಟೆ. ಮೇಲೆ ಕೆಳಗೆ ಬಿದಿರಿನ ಗೂಟ ಎರಡೆರಡು. ಕಪ್ಪು ಟೇಪ್ ತೆಗೆದು ಬಿಳಿ ಹಾಕಿದೆ. ಹಾಳೆ ಹಾಳೆ ಸೇರಿಸಲು ಬಿಸಿ ಗೋಂದು ಈಗಲೂ ಬಳಸುತ್ತೇನೆ. ಮೋಟಾರ್ ಹತ್ತಿರ ಮಾತ್ರ ಇಲ್ಲ. ಬ್ಯಾಟರಿಯನ್ನೂ ಬಿಸಿಲಲ್ಲಿ ಬಿಡುವುದಿಲ್ಲ, ಒದ್ದೆ ಬಟ್ಟೆ ಸುತ್ತಿದ ಡಬ್ಬಿಯಲ್ಲಿ ನೆರಳಿಗೆ ಇಡುತ್ತೇವೆ.

ಆಮೇಲೆ ಪಂಪ್‌ಸೆಟ್ ಸೀಸನ್ ಜೋರಾಯಿತು. ಹೊಲದ ಕಡೆ ಸುಂಟರಗಾಳಿ ಕೂಡ ಶುರುವಾಗಿತ್ತು. ವಿಮಾನ ಅಂಗಡಿಯ ಗೋಡೆಗೆ ತೂಗಿತ್ತು. ಮೋಟಾರ್ ತರುವ ರೈತರು ಕೇಳಿದಾಗೆಲ್ಲ ಇಳಿಸಿ ತೋರಿಸಿದೆ.

ಈಗ ಮತ್ತೆ ಮಳೆ ಹಿಡಿದಿದೆ. ಹುಡುಗ ಹತ್ತನೇ ಕ್ಲಾಸ್. ಎರಡನೇ ರೆಕ್ಕೆ ಮೇಜಿನ ಮೇಲಿದೆ, ತುದಿ ಕಮ್ಮಿ ಎತ್ತಿ, ಐಲೆರಾನ್ ಇಟ್ಟು. ಸರ್ವೊ ಈ ಸಲ ನಾಲ್ಕು. ಬಿದಿರು ಅದೇ ಅಜ್ಜ ಕೊಟ್ಟದ್ದು, ಇನ್ನೂ ಒಣಗುತ್ತಿದೆ. ಅಂಟು ಹಚ್ಚುವ ಮೊದಲೇ ಹುಡುಗ ಪೆನ್ಸಿಲ್‌ನಿಂದ ಕೆಳಮೈಗೆ ಗೆರೆ ಎಳೆದಿದ್ದಾನೆ, ಮುಂದಿನ ಅಂಚಿನಿಂದ 5.5 ಸೆಂಟಿಮೀಟರ್. ಪಕ್ಕದಲ್ಲಿ ಎರಡು ಗುಂಡುಪಿನ್ ಇಟ್ಟಿದ್ದಾನೆ.